ಮಾವನ ಕಾಲು, ನನ್ನ ಪಟ್ಟಿ

ಆಜ್ಞೆ ಮಾಡುವುದೂ ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಒಲಿದಿರುತ್ತದೆ. ನಮ್ಮ ಹೊನ್ನಾಳಿಯ ಬೀದಿಯಲ್ಲೇ ಅಂಥವರಿದ್ದಾರೆ, ಜಗಲಿಯ ಮೇಲೆ ಕೂತಲ್ಲಿಂದ "ಯಾರೋ ಅಲ್ಲಿ?" ಎಂದರೆ ಸಾಕು, ಯಾರೂ ಇಲ್ಲದ ಕಡೆಯಿಂದಲೂ ಇಬ್ಬರು ಓಡಿ ಬರುತ್ತಾರೆ. ನಾನು ಹಾಗೆ ಕೂಗಿದರೆ ಇದ್ದವರೂ ಎದ್ದು ಹೋಗುತ್ತಾರೆ. ನಮ್ಮ ಎತ್ತಿಗೆ ನಾನು "ಹೋ" ಎಂದರೆ ಅದು ನಿಲ್ಲುವುದಿಲ್ಲ, ನಡೆಯುತ್ತಲೇ ಕತ್ತು ತಿರುಗಿಸಿ ನನ್ನ ಮುಖ ನೋಡುತ್ತದೆ, ಪಾಪ, ಇವನು ಹೇಳುತ್ತಿರುವುದು ನನಗೋ ಬೇರೆ ಯಾರಿಗೋ ಎಂಬಂತೆ. ಇಂಥ ನನ್ನನ್ನು ಊರವರು ಇವತ್ತಿಗೂ "ಲಾನ್ಸ್‌ನಾಯಕರು" ಎಂದು ಕರೆಯುತ್ತಾರೆ. ಗೊತ್ತಿಲ್ಲದವರು ಗೌರವದಿಂದ ಕರೆಯುತ್ತಾರೆ, ಗೊತ್ತಿದ್ದವರು ನಗುತ್ತಾ ಕರೆಯುತ್ತಾರೆ. ಯುದ್ಧದ ಕಾಲದಲ್ಲಿ ನಾನು ದಂಡಿನಲ್ಲಿದ್ದದ್ದೂ ನಿಜ, ನನ್ನ ತೋಳಿನ ಮೇಲೆ ದರ್ಜೆಯ ಒಂದು ಪಟ್ಟಿ ಇದ್ದದ್ದೂ ನಿಜ. ಎಷ್ಟು ದಿನ ಇತ್ತು ಎಂದು ಮಾತ್ರ ಕೇಳಬೇಡಿ.

ದಂಡಿನ ಮೇಲು ಕೀಳು ನಮ್ಮಂಥವರಿಗೆ ಬೇಗ ಅರ್ಥವಾಗುವಂಥದ್ದಲ್ಲ. ನಮ್ಮವ್ವನಿಗೆ ನಾನು ಅದನ್ನು ಊರಿನ ಲೆಕ್ಕದಲ್ಲಿ ಬಿಡಿಸಿ ಹೇಳಿದ್ದೆ. ಸಿಪಾಯಿ ಅಂದರೆ ನಮ್ಮ ತಳವಾರ ಇದ್ದ ಹಾಗೆ, ಹವಾಲ್ದಾರ ಅಂದರೆ ಪಟೇಲ, ಜಮಾದಾರ ಅಂದರೆ ಶೇಕದಾರ, ಅದಕ್ಕೂ ಮೇಲೆ ಬಿಳಿಯ ಕಪ್ತಾನ, ಅವನು ಅಮಲ್ದಾರ. "ಮತ್ತೆ ನೀನೇನಾಗಿದ್ದೆ?" ಎಂದಳು ಅವ್ವ. ಅಲ್ಲೇ ನನಗೆ ತೊಡಕಾದದ್ದು. ಲಾನ್ಸ್‌ನಾಯಕನಿಗೆ ಊರಿನಲ್ಲಿ ಸಮಾನರೇ ಇಲ್ಲ. ಪಟೇಲರು ಬೀಗರೂರಿಗೆ ಹೋಗುವಾಗ ಜಗಲಿಯ ಮೇಲೆ ಕೂತವನೊಬ್ಬನನ್ನು ಕರೆದು "ಸ್ವಲ್ಪ ನೋಡ್ಕೊಳ್ಳಪ್ಪಾ" ಎಂದು ಹೇಳಿ ಹೋಗುತ್ತಾರಲ್ಲ, ಅವನೇ ಲಾನ್ಸ್‌ನಾಯಕ. ನಾಯಕ ಎನ್ನಲಾಗದು, ಸಿಪಾಯಿ ಎನ್ನಲಾಗದು, ಅರ್ಧ ನಾಯಕ. ಸಿಪಾಯಿಗೆ ತಾನು ಮಾಡಿದ ತಪ್ಪಿಗೆ ಮಾತ್ರ ಬೈಗುಳ. ಪಟ್ಟಿ ಬಿದ್ದವನಿಗೆ ತನ್ನ ಕೆಳಗಿನ ಎಲ್ಲರ ತಪ್ಪಿಗೂ ಬೈಗುಳ. ಸಿಪಾಯಿ ಮೇಲಿನವರನ್ನೆಲ್ಲ ಬೈದುಕೊಂಡು ಹಾಯಾಗಿ ನಿದ್ದೆ ಮಾಡುತ್ತಾನೆ. ಆ ಸುಖ ಎಂಥದೆಂದು ನನಗೆ ತಿಳಿದದ್ದು ಪಟ್ಟಿ ಹೊಲಿಸಿಕೊಂಡ ಮೇಲೆ.

ನಾನು ದಂಡಿಗೆ ಸೇರಿದ್ದು ದೇಶಕ್ಕಾಗಿಯೂ ಅಲ್ಲ, ದೊರೆಗಾಗಿಯೂ ಅಲ್ಲ, ರುದ್ರಮ್ಮನಿಗಾಗಿ. ರುದ್ರಮ್ಮ ಎಂದರೆ ಜಗಳೂರಿನ ತಿಪ್ಪೇಸ್ವಾಮಿ ಮಾವನವರ ಮಗಳು. ಅವರು ನಮ್ಮವ್ವನಿಗೆ ದೊಡ್ಡಪ್ಪನ ಮಗ, ನನಗೆ ವರಸೆಯಲ್ಲಿ ಸೋದರಮಾವ. ಅವ್ವ ಹೆಣ್ಣು ಕೇಳಿದಾಗ ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ನೋಡಾಣ ಅಕ್ಕಾ, ಹುಡುಗ ಒಂದು ದಡ ಸೇರ್ಲಿ" ಎಂದುಬಿಟ್ಟರು. ನನ್ನ ಕಣ್ಣಿಗೆ ದಡವೇ ಕಾಣದಿದ್ದ ಆ ದಿನಗಳಲ್ಲಿ ನ್ಯಾಮತಿಯ ಸಂತೆಗೆ ದಂಡಿಗೆ ಆಳು ಆರಿಸುವವರು ಬಂದರು. ಎದೆ ಅಳೆಯುವಾಗ ಉಸಿರು ಬಿಗಿಹಿಡಿದು ನಿಂತೆ, ಸೇರಿಸಿಕೊಂಡರು. ಮುಂದೆ ಅಸ್ಸಾಮಿನ ಕಡೆ ರಸ್ತೆ ಹಾಕುವ ತುಕಡಿಗೆ ನಮ್ಮ ಸೀಮೆಯವರನ್ನೆಲ್ಲ ಕಳಿಸಿದರು. ಓದು ಬರಹ ಬಲ್ಲವನೆಂದು ನನಗೆ ಪಟ್ಟಿಯೂ ಬಂತು. ಇನ್ನೇನು, ದಡ ಸೇರಿದೆ, ಮಾವ ಇನ್ನು ಬೇಡವೆನ್ನುವುದು ಹೇಗೆ ಎಂದು ನಾನು ಹಿಗ್ಗುತ್ತಿರುವಾಗಲೇ ನನ್ನ ಕೈಕೆಳಗೆ ಹೊಸದಾಗಿ ಒಬ್ಬ ಸಿಪಾಯಿ ಬಂದ. ಲಾರಿಯಿಂದ ಇಳಿದವನನ್ನು ನೋಡುತ್ತೇನೆ, ಮೀಸೆಗೆ ಕಪ್ಪು ಹಚ್ಚಿಕೊಂಡು, ವಯಸ್ಸು ಕಡಿಮೆ ಹೇಳಿ ಸೇರಿದ್ದ ನಮ್ಮ ತಿಪ್ಪೇಸ್ವಾಮಿ ಮಾವ! "ಮೋಟಾರು ಓಡ್ಸಾಕೆ ಕಲಿಸ್ತೀವಿ ಅಂದ್ರು ಕಣೋ ಹಾಲಪ್ಪ. ಇಲ್ಲಿ ನೋಡಿದ್ರೆ ಕೈಗೆ ಗುದ್ದಲಿ ಕೊಟ್ಟವ್ರೆ" ಎಂದರು.

ಕವಾಯತಿನ ಹೊತ್ತಿನಲ್ಲಿ ನನಗೇನೂ ತೊಂದರೆಯಾಗಲಿಲ್ಲ. ಅಲ್ಲಿನ ಕೂಗೆಲ್ಲ ಹಿಂದೂಸ್ತಾನಿಯಲ್ಲಿ. ಪರಭಾಷೆಯಲ್ಲಿ ಮಾವನ ಮೇಲೆ ಅರಚಿದರೂ ಅರಚಿದಂತಾಗುವುದಿಲ್ಲ. ತೊಂದರೆಯೆಲ್ಲ ಕವಾಯತು ಮುಗಿದು ಕನ್ನಡ ಶುರುವಾದ ಮೇಲೆ. ಚರಂಡಿ ತೋಡಿಸಬೇಕು. ನಾನು ಹೋಗಿ, "ಮಾವಾ, ಬಿಡುವಿದ್ರೆ ಆ ಗುದ್ದಲಿ ಸ್ವಲ್ಪ..." ಎನ್ನುವಷ್ಟರಲ್ಲಿ ಅವರ ಬಿಳಿಯ ಮೀಸೆಬುಡ ಕಂಡು ನಾಚಿಕೆಯಾಗಿ, ಗುದ್ದಲಿ ತೆಗೆದುಕೊಂಡು ನಾನೇ ತೋಡುತ್ತಿದ್ದೆ. ಇದನ್ನು ಕಂಡ ಉಳಿದ ಸಿಪಾಯಿಗಳಿಗೂ ನನ್ನ ಮೇಲೆ ನಂಟಸ್ತಿಕೆ ಉಕ್ಕಿತು. ಸಾಸ್ವೆಹಳ್ಳಿಯವನೊಬ್ಬ ಬಂದು, "ನಿಮ್ಮಜ್ಜಿ ತವರು ನಮ್ಮೂರೇ ಅಲ್ಲೇನೋ? ಹಂಗಾದ್ರೆ ನಾನು ನಿನಗೆ ಚಿಕ್ಕಪ್ಪ ಆಗ್ಬೇಕು" ಎಂದ. ಇನ್ನೊಬ್ಬ ಹೇಗೋ ಸುತ್ತಿ ಬಳಸಿ ಅಜ್ಜನೇ ಆದ. ಒಂದು ವಾರ ಕಳೆಯುವುದರೊಳಗೆ ನನ್ನ ಕೈಕೆಳಗೆ ಸಿಪಾಯಿಗಳೇ ಉಳಿಯಲಿಲ್ಲ, ಎಲ್ಲರೂ ಹಿರಿಯರೇ. ಹಿರಿಯರೆಲ್ಲ ಮರದ ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದರು, ನಾಯಕ ಚರಂಡಿಯಲ್ಲಿದ್ದ.

ಇದು ಮಾವನಿಗೇ ಸರಿಬರಲಿಲ್ಲ. ಅವರು ನೆರಳಿನಲ್ಲಿ ಕೂರುವ ಜಾತಿಯವರಲ್ಲ. ಒಂದು ದಿನ ಗುದ್ದಲಿ ಕಸಿದುಕೊಂಡು ನನ್ನನ್ನು ಮರೆಗೆ ಕರೆದೊಯ್ದರು. "ನೋಡೋ ಹಾಲಪ್ಪ, ಮನ್ಯಾಗೆ ನಾನು ಮಾವ, ಇಲ್ಲಿ ಸಿಪಾಯಿ. ನೀನು ಗಟ್ಟಿಯಾಗಿ ಹೇಳ್ಬೇಕು: ಏ ತಿಪ್ಪೇಸ್ವಾಮಿ, ಅಗಿ! ಅಂತ. ಎಲ್ಲಿ, ಹೇಳು."

ನಾನು ಕಣ್ಣು ಮುಚ್ಚಿಕೊಂಡು ಉಸಿರೆಳೆದು, "ಏ... ಮಾವಾ, ಅಗೀರಿ" ಎಂದೆ.

"ನಿನ್ನ ಹಣೇಬರಾನೇ ಇಷ್ಟು" ಎಂದು ಅವರು ಹಣೆ ಚಚ್ಚಿಕೊಂಡರು. ಚರಂಡಿ ಹೋದರೆ ಹೋಗಲಿ, ರುದ್ರಮ್ಮ ಕೈತಪ್ಪುತ್ತಾಳಲ್ಲ! ಗಟ್ಟಿಯಾಗಿ ಗದರಿಸಿದರೆ ಮಾವನಿಗೆ ಮರ್ಯಾದೆ ಕೊಡದ ಅಳಿಯ, ಗದರಿಸದಿದ್ದರೆ ಕೈಲಾಗದ ಅಳಿಯ. ಎರಡರಲ್ಲಿ ಯಾವುದಾದರೂ ಯಾರು ಹೆಣ್ಣು ಕೊಡುತ್ತಾರೆ ಹೇಳಿ.

ಹೀಗಿರುವಾಗ ಒಂದು ದಿನ ಬೆನ್ನಿಗೆ ಮೂಟೆ ಹೊರಿಸಿ ನಮ್ಮನ್ನೆಲ್ಲ ಬಹುದೂರ ನಡೆಸಿದರು. ನಡಿಗೆ ಮುಗಿದ ಮೇಲೆ ಕಾಲು ತಪಾಸಣೆ. ಇದು ದಂಡಿನಲ್ಲಿ ದೊಡ್ಡ ಶಾಸ್ತ್ರ. ಸಿಪಾಯಿಗಳು ಬೂಟು ಬಿಚ್ಚಿ ಕಾಲು ಚಾಚಿ ಸಾಲಾಗಿ ಕೂರಬೇಕು, ಅವರ ನಾಯಕ ಒಬ್ಬೊಬ್ಬರ ಮುಂದೂ ಬಗ್ಗಿ ಗುಳ್ಳೆ ಎದ್ದಿದೆಯೋ ಬಿರುಕು ಬಿಟ್ಟಿದೆಯೋ ಎಂದು ಪಾದ ಹಿಡಿದು ನೋಡಬೇಕು. ಅಂದು ಕಪ್ತಾನ ಸಾಹೇಬನೇ ಬಂದು ನಿಂತಿದ್ದ. ಪಕ್ಕದಲ್ಲಿ ನಮ್ಮ ಜಮಾದಾರ್ ಖಾದರ್ ಸಾಹೇಬರು. ಅವರು ಚನ್ನಗಿರಿಯವರು, ಕೋಪ ಬಂದರೆ ಉರ್ದು, ನಗು ಬಂದರೆ ಕನ್ನಡ. ನಾನು ಗಂಭೀರವಾಗಿ ಒಬ್ಬೊಬ್ಬರ ಕಾಲೂ ನೋಡುತ್ತಾ ಬಂದೆ. ಕೊನೆಯಲ್ಲಿ ಮಾವ. ಧೂಳು ಹಿಡಿದ, ಹಿಮ್ಮಡಿ ಒಡೆದ ಅದೇ ಎರಡು ಪಾದಗಳು. ಯುಗಾದಿ ಬರಲಿ, ದೀಪಾವಳಿ ಬರಲಿ, ಅವ್ವ ನನ್ನ ಕತ್ತು ಹಿಡಿದು ಬಗ್ಗಿಸುತ್ತಿದ್ದದ್ದು ಆ ಪಾದಗಳಿಗೇ. ನಾನು ಬಗ್ಗಿದೆ. ಮುಂದಿನದನ್ನು ಮಾಡಿದ್ದು ನಾನಲ್ಲ, ನನ್ನ ಕೈ. ಎರಡೂ ಪಾದ ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಮಾವನಾದರೂ ಸುಮ್ಮನಿರಬಾರದೇ? ಅವರಿಗೂ ಅಭ್ಯಾಸಬಲ. ನನ್ನ ತಲೆಯ ಮೇಲೆ ಕೈಯಿಟ್ಟು, "ದೇವ್ರು ಒಳ್ಳೇದು ಮಾಡ್ಲಿ, ನೂರು ವರ್ಷ ಬಾಳು" ಎಂದುಬಿಟ್ಟರು.

ಸಾಲಿಗೆ ಸಾಲೇ ನಗು ತಡೆದು ಕೆಂಪಾಯಿತು. ಕಪ್ತಾನ ಹುಬ್ಬೇರಿಸಿ ಜಮಾದಾರರನ್ನು ಏನಿದು ಎಂದು ಕೇಳಿದ. ಖಾದರ್ ಸಾಹೇಬರು ತಡವರಿಸಲಿಲ್ಲ. ಅವರು ಸಾಹೇಬನಿಗೆ ಹೇಳಿದ್ದು ಇಷ್ಟು: ಇವನು ಕಾಲಿನ ಕಾವು ನೋಡುತ್ತಿದ್ದಾನೆ, ಅಂಗೈ ಒರಟು, ಕಾವು ತಿಳಿಯುವುದಿಲ್ಲ, ಅದಕ್ಕೇ ಕೈಯನ್ನು ಕಣ್ಣಿಗೊತ್ತಿ ನೋಡುತ್ತಾನೆ, ಸಿಪಾಯಿ ಇವನ ತಲೆಯ ಕಾವು ನೋಡುತ್ತಾನೆ, ಮೈಸೂರು ಸೀಮೆಯ ಹಳೆಯ ಪದ್ಧತಿ. ಕಪ್ತಾನನಿಗೆ ಬಹಳ ಸಂತೋಷವಾಯಿತು. ಇಷ್ಟು ಒಳ್ಳೆಯ ಪದ್ಧತಿಯನ್ನು ಒಬ್ಬನೇ ಮಾಡಿದರೆ ಹೇಗೆ, ಎಲ್ಲ ನಾಯಕರೂ ಹವಾಲ್ದಾರರೂ ಹೀಗೇ ನೋಡಲಿ ಎಂದು ಅಲ್ಲೇ ಹುಕುಂ ಮಾಡಿದ. ಆಮೇಲೆ ನಡೆದದ್ದನ್ನು ಇವತ್ತು ನೆನೆದರೂ ನನಗೆ ಅನ್ನ ನೆತ್ತಿಗೇರುತ್ತದೆ. ಸಿಪಾಯಿಗಳನ್ನು ನಾಯಿಗಿಂತ ಕಡೆಯಾಗಿ ಕಾಣುತ್ತಿದ್ದ ನಮ್ಮ ಹುರಿಮೀಸೆಯ ಹವಾಲ್ದಾರ, ಹಲ್ಲು ಕಡಿಯುತ್ತಾ ಒಬ್ಬೊಬ್ಬ ಸಿಪಾಯಿಯ ಪಾದವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ. ಸಿಪಾಯಿಗಳೂ ಒಬ್ಬೊಬ್ಬರಾಗಿ ಅವನ ತಲೆಯ ಮೇಲೆ ಕೈಯಿಟ್ಟು ನೂರು ವರ್ಷ ಬಾಳೆಂದು ಹರಸಿದರು.

ಸಂಜೆ ಖಾದರ್ ಸಾಹೇಬರು ನನ್ನನ್ನು ಕರೆಸಿದರು. ಕನ್ನಡದಲ್ಲೇ ಮಾತಾಡಿದರು. "ಹಾಲಪ್ಪ, ನೀನು ಒಳ್ಳೇವ್ನು ಕಣಪ್ಪಾ. ಆದ್ರೆ ನಿನ್ನ ಹಿಂಗೇ ಬಿಟ್ರೆ ನಾಳೆ ಕಪ್ತಾನ್ ಸಾಬ್ ನನ್ನ ಕೈಲೂ ಎಲ್ರ ಕಾಲು ಹಿಡಿಸ್ತಾರೆ. ಕೊಡು ಆ ಪಟ್ಟಿ ಇತ್ಲಾಗೆ." ಬಿಚ್ಚಿಕೊಟ್ಟೆ. ಮರುದಿನ ಅದೇ ಪಟ್ಟಿ ಮಾವನ ತೋಳಿನ ಮೇಲಿತ್ತು! "ಏ ಹಾಲಪ್ಪ, ಅಗಿ!" ಎಂದು ಅವರು ಕೂಗಿದ ಕೂಗಿಗೆ ಸಾಸ್ವೆಹಳ್ಳಿಯ ಚಿಕ್ಕಪ್ಪನೂ, ಆ ಅಜ್ಜನೂ ಬೀಡಿ ಎಸೆದು ಚರಂಡಿಗೆ ಹಾರಿದರು. ನಾನು ಹಾಯಾಗಿ ಅಗೆದೆ. ಮೇಲಿನವರನ್ನು ಬೈದುಕೊಳ್ಳುವ ಸುಖವೂ ವಾಪಸು ಬಂತು. ಆದರೆ ಮದುವೆಯ ಮಾತನ್ನು ಮಾವ ಯುದ್ಧ ಮುಗಿಯುವವರೆಗೂ ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಇದ್ದದ್ದೊಂದು ದಡ, ಅದೂ ಈಗ ಅವರ ತೋಳಿನ ಮೇಲಿತ್ತು.

ಊರಿಗೆ ಮರಳಿದ ಮೇಲೆ ಒಂದು ದಿನ ಅವರೇ ಹೊನ್ನಾಳಿಗೆ ಬಂದರು. ಅವ್ವ ನೀರು ಕೊಡುವುದರೊಳಗೇ ಅಳುವ ದನಿಯಲ್ಲಿ, "ಒಂದು ಪಟ್ಟಿನೂ ಉಳಿಸ್ಕಣಲಿಲ್ವಂತಲ್ಲೋ ತಿಪ್ಪೇಸ್ವಾಮಿ ಇವನು" ಎಂದಳು. ನಾನು ಕದದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ, ನ್ಯಾಮತಿಯಲ್ಲಿ ಎದೆ ಅಳೆಸುವಾಗ ನಿಂತ ಹಾಗೆ. "ಪಟ್ಟಿ ಉಳಿಸ್ಕಂಡೋರನ್ನ ಬೇಕಾದಷ್ಟು ನೋಡೀನಿ ಅಕ್ಕಾ" ಎಂದರು ಮಾವ. "ಆ ಪಟ್ಟಿ ಹಾಕ್ಕಂಡ ಮ್ಯಾಲೆ ನಾನೂ ಎಷ್ಟು ಅರಚಾಡಿದೀನಿ ಅಂತ ನನಗೇ ಗೊತ್ತೈತೆ. ಅಧಿಕಾರ ಕೈಗೆ ಬಂದ್ರೂ ಬಗ್ಗೋದು ಮರೀದೋನು ಇವನೊಬ್ನೇ. ನನ್ನ ಮಗಳನ್ನ ಇವನು ಯಾವತ್ತೂ ಗದರ್ಸಲ್ಲ. ನನಗೆ ಅಷ್ಟು ಸಾಕು." ಕದದ ಹಿಂದೆ ನನಗೆ ಅಳು ಬಂತು. ಗಂಡಸು ಅಳಬಾರದು ಎನ್ನುತ್ತಾರೆ. ನನಗೆ ಯಾರೂ ಹಾಗೆಂದು ಹುಕುಂ ಮಾಡಿರಲಿಲ್ಲ.

ಮದುವೆಯಲ್ಲಿ ಪದ್ಧತಿಯಂತೆ ಮಾವ ನನ್ನ ಪಾದ ತೊಳೆದರು. ತೊಳೆದವರು ಸುಮ್ಮನೆ ಬಿಡದೆ, ಎರಡೂ ಪಾದ ತಿರುಗಿಸಿ ಮುರುಗಿಸಿ ನೋಡಿ, "ಗುಳ್ಳೆ ಇಲ್ಲ, ಸರಿ ಐತೆ" ಎಂದು ಗಟ್ಟಿಯಾಗಿ ವರದಿ ಒಪ್ಪಿಸಿದರು.

ಆ ತಪಾಸಣೆಯ ಭಾರವನ್ನು ಈಗ ರುದ್ರಮ್ಮ ವಹಿಸಿಕೊಂಡಿದ್ದಾಳೆ. ಮೊನ್ನೆ ಹೊಲದಿಂದ ಬಂದು ಕೈಕಾಲು ತೊಳೆದು ಒಳಗೆ ಕಾಲಿಟ್ಟೆ. ಅವಳು ಒಲೆಯ ಮುಂದೆ ಬೆವರುತ್ತಾ ರೊಟ್ಟಿ ಬಡಿಯುತ್ತಿದ್ದಳು. ನೋಡಿ ನನಗೆ ಏನನ್ನಿಸಿತೋ, ಹಳೆಯ ಅಧಿಕಾರವನ್ನೆಲ್ಲ ಒಟ್ಟುಗೂಡಿಸಿಕೊಂಡು, "ರುದ್ರೀ, ಇವತ್ತು ಮೊದಲು ನೀನು ಉಣ್ಣು. ಇದು ನನ್ನ ಹುಕುಂ" ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣನ್ನು ನಿಧಾನವಾಗಿ ನನ್ನ ಕಾಲಿಗಿಳಿಸಿ, "ಹಿಮ್ಮಡ್ಯಾಗೆ ಮಣ್ಣು ಹಂಗೇ ಐತಲ್ರೀ. ಹೋಗಿ ಸರಿಯಾಗಿ ತೊಳ್ಕಂಡು ಬರ್ರಿ" ಎಂದಳು. ಹೋದೆ. ಉಜ್ಜಿ ಉಜ್ಜಿ ತೊಳೆದು ಬಂದು ನೋಡುತ್ತೇನೆ, ಒಲೆಯ ಪಕ್ಕದಲ್ಲಿ ಎರಡು ತಟ್ಟೆ ಹಾಕಿ ಕೂತಿದ್ದಾಳೆ. ನಾನು ಮಾಡಿದ ಆಜ್ಞೆಗಳಲ್ಲಿ ಅರ್ಧವಾದರೂ ನಡೆದದ್ದು ಇದೊಂದೇ. ಅರ್ಧ ನಾಯಕನಿಗೆ ಅಷ್ಟೇ ಹೆಚ್ಚು ಎಂದುಕೊಂಡು, ಅವಳು ಹೇಳಿದ ಜಾಗದಲ್ಲಿ ಕೂತೆ.