ಮೇಲೆ ಹೋಗಿ ಕೇಳಬೇಕಾದ ಪ್ರಶ್ನೆ

ಇದು ಕಳೆದ ವರ್ಷದ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ನಡೆದದ್ದು. ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಸಾಮಿ ಸತ್ತ ಎಂಬ ಕಾರಣಕ್ಕೆ ನಮ್ಮಲ್ಲಿ ಯಾರೂ ಜಗಳ ನಿಲ್ಲಿಸುವುದಿಲ್ಲ.

೧. ಮಾತ್ರೆ

ಅಜ್ಜಿಗೆ ಎಂಬತ್ತು. ಬಿ.ಪಿ. ಉಂಟು. ನಾನು ಗುರುವಾಯನಕೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಜ್ಜಿಯ ಮಾತ್ರೆಗಳ ಉಸ್ತುವಾರಿಯೂ ನನ್ನದೇ. ತಿಂಗಳ ಕೊನೆಗೆ ಎಣಿಸಿದೆ. ಮೂವತ್ತರಲ್ಲಿ ಹತ್ತೊಂಬತ್ತು ಹಾಗೇ ಉಳಿದಿದ್ದವು.

"ಯಾಕಜ್ಜಿ?"

"ಮಾತ್ರೆ ತಿಂದ್ರೆ ಹೋಗುವುದು ತಡ ಆಗ್ತದೆ ಮಗಾ. ಮೇಲೆ ನಿನ್ನ ಅಜ್ಜನ ಹತ್ರ ಒಂದು ವಿಷಯ ಕೇಳ್ಲಿಕ್ಕುಂಟು."

ವಿಷಯ ಇಷ್ಟು. ನಲವತ್ತು ವರ್ಷಗಳ ಹಿಂದೆ ಅಜ್ಜ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯ ಮಡಿಲಿಗೆ ಒಂದು ಜೀವಂತ ಕೋಳಿ ಕೊಟ್ಟು, "ಈಗ ಬರ್ತೇನೆ" ಎಂದು ಹೋದರು. ಬಂದದ್ದು ಮೂರು ಗಂಟೆಯ ನಂತರ. ಎಲ್ಲಿ ಹೋಗಿದ್ದರೆಂದು ಹೇಳಲಿಲ್ಲ. ಆರು ವರ್ಷಗಳ ಹಿಂದೆ ಹೇಳದೆಯೇ ತೀರಿಹೋದರು.

"ಅಂಥದ್ದೇನೂ ನೆನಪಿಲ್ಲ ಅಂತ ಅಜ್ಜ ಹೇಳಿದ್ರೆ?"

"ಆ ಕೋಳಿಯೂ ಈಗ ಅಲ್ಲೇ ಉಂಟಲ್ಲ. ಸಾಕ್ಷಿ."

೨. ಎಲೆ

ಆಟಿಯಲ್ಲಿ ತೀರಿಹೋದವರಿಗೆ ಅಗೆಲು ಬಡಿಸುವ ಕ್ರಮ ನಮ್ಮದು. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಅಜ್ಜನಿಗೆ ಕೋಳಿ ಸುಕ್ಕ. ಬಾಗಿಲು ಮುಚ್ಚುವ ಮೊದಲು ಅಜ್ಜಿ ಎಲೆಯನ್ನು ನೋಡಿ ಕೇಳಿದರು: "ಆ ದಿನ ಎಲ್ಲಿಗೆ ಹೋದದ್ದು?"

"ಊಟದ ಹೊತ್ತಿನಲ್ಲಿ ಬೇಡ ಅಮ್ಮ," ಎಂದರು ಚಿಕ್ಕಪ್ಪ.

"ಇರುವಾಗಲೂ ಊಟದ ಹೊತ್ತಿನಲ್ಲೇ ಕೇಳ್ತಿದ್ದದ್ದು. ಬೇರೆ ಹೊತ್ತಿನಲ್ಲಿ ಕೈಗೆ ಸಿಗ್ತಿರ್ಲಿಲ್ಲ."

ಹತ್ತು ನಿಮಿಷ ಕಾದು, ಬಾಗಿಲು ತಟ್ಟಿ ಒಳಗೆ ಹೋದೆವು. ನಾನೇ ಬಡಿಸಿದ್ದು, ಐದು ತುಂಡು. ಈಗ ನಾಲ್ಕಿತ್ತು. ಕಿಟಕಿಗೆ ಚಿಲಕ ಹಾಕಿತ್ತು. ಬೆಕ್ಕು ಇಷ್ಟು ಹೊತ್ತೂ ನನ್ನ ಕಾಲಬುಡದಲ್ಲೇ ಇತ್ತು. ಎರಡನ್ನೂ ಮತ್ತೊಮ್ಮೆ ನೋಡಿಕೊಂಡೆ. ನಾನು ಓದಿದ್ದರಲ್ಲಿ ಇದಕ್ಕೆ ಉತ್ತರವಿಲ್ಲ.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ತಿಂದದ್ದು, ಮಾತಾಡದೆ ಎದ್ದು ಹೋದದ್ದು. ಅವರೇ, ಸಂಶಯ ಬೇಡ."

೩. ಸೂಜಿ

ಮರುವಾರ ಲ್ಯಾಬಿಗೆ ಒಬ್ಬರು ನಿವೃತ್ತ ಬಸ್ ಕಂಡಕ್ಟರ್ ಸಕ್ಕರೆ ಪರೀಕ್ಷೆಗೆ ಬಂದರು. ಕೈಗೆ ಪಟ್ಟಿ ಕಟ್ಟುತ್ತ, "ಹೆದರಿಕೆ ಉಂಟಾ?" ಎಂದೆ.

"ಸೂಜಿಗೂ ಇಲ್ಲ, ಸಾವಿಗೂ ಇಲ್ಲ. ಮೇಲೆ ನನಗೊಂದು ಕೆಲಸ ಬಾಕಿ ಉಂಟು ಮಾರಾಯ್ತಿ. ಹಿಂದೆ ನನ್ನ ಬಸ್ಸಿನಲ್ಲಿ ಒಬ್ಬರು ಬರ್ತಿದ್ರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬ ಸರಿಯಾಗಿ ಎಣಿಸ್ಲಿಕ್ಕೆ ನಿಮ್ಮಿಂದ ಆಗ್ಲಿಕ್ಕಿಲ್ಲ ಅಂತ ತಮಾಷೆಗೆ ಹೇಳಿದೆ. ಹೆಂಡತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಹೋಗಿಯೇಬಿಟ್ರು. ಸಂಜೆ ಬಸ್ಸಿನಲ್ಲಿ, ಹೆಂಡತಿ ಮುಂದೆ ಹೆಂಗಸರ ಸೀಟಿನಲ್ಲಿದ್ದಾಗ, ಎಷ್ಟಾಯ್ತು ಅಂತ ಮೆಲ್ಲ ಕೇಳಿದೆ. ನಾಳೆ ಹೇಳ್ತೇನೆ ಅಂದ್ರು. ಮತ್ತೆ ನನ್ನ ಬಸ್ಸಿಗೇ ಹತ್ಲಿಲ್ಲ. ಈಗ ತೀರಿಹೋದ್ರಂತೆ, ಆ ಲೆಕ್ಕ ಮೇಲೆಯೇ ಕೇಳ್ಬೇಕಷ್ಟೆ."

"ಆ ಹೆಂಡತಿಯ ಮಡಿಲಲ್ಲಿ ಏನಾದರೂ ಇತ್ತಾ?"

"ಕೋಳಿ ಇತ್ತು. ನಿನಗೆ ಹೇಗೆ ಗೊತ್ತು?"

ನಾನು ಅವರ ಮುಖವನ್ನೇ ನೋಡುತ್ತ ಕುಳಿತೆ. ತಾಲೂಕಿನಲ್ಲಿ ಇಷ್ಟು ಲ್ಯಾಬ್‌ಗಳಿವೆ, ಇವರು ನನ್ನ ಸೂಜಿಯ ಎದುರಿಗೇ ಬಂದಿದ್ದರು. ಒಂದು ಟ್ಯೂಬ್ ಸಾಕಿತ್ತು, ಎರಡನೆಯದೂ ತುಂಬುತ್ತಿತ್ತು.

"ಸಾಕು ಮಗಳೇ," ಎಂದರು ಅವರು. "ಮೇಲೆ ಹೋಗ್ಲಿಕ್ಕುಂಟು ಹೌದು. ಇವತ್ತೇ ಕಳಿಸ್ಬೇಡ."

೪. ಕಂಬ

ಸಂಜೆ ಅಜ್ಜಿಗೆ ಹೇಳಿದೆ.

"ಕಂಬವಾ? ಹೆಂಗಸಲ್ವಾ?"

"ಕಂಬ ಅಜ್ಜಿ."

"ನಲವತ್ತು ವರ್ಷ ಒಬ್ಬಳನ್ನು ಮನಸ್ಸಿನಲ್ಲೇ ಬೈದೆ ಮಗಾ. ಅವಳಿಗೊಂದು ಮೂಗುತಿ ಕೂಡ ಇಟ್ಟಿದ್ದೆ." ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮತ್ತೆ ಕೇಳಿದರು: "ಎಷ್ಟಾಯ್ತಂತೆ?"

ಆದಿತ್ಯವಾರ ಇಬ್ಬರೂ ಮೂಡುಬಿದಿರೆಗೆ ಹೋದೆವು. ಅಜ್ಜಿ ಬಸ್‌ಸ್ಟ್ಯಾಂಡಿನಲ್ಲೇ ಕುಳಿತರು. "ನಾನು ಇಲ್ಲೇ ಇರ್ತೇನೆ. ನೀನು ಸಾಯನ್ಸ್ ಓದಿದವಳು, ಎಣಿಸಿ ಬಾ."

"ಈಗ ಬರ್ತೇನೆ," ಎಂದೆ.

ಪುಸ್ತಕ, ಪೆನ್ಸಿಲ್ ಹಿಡಿದು ಎಡದಿಂದ ಸಾಲು ಸಾಲಾಗಿ ಶುರುಮಾಡಿದೆ. ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಮೂರನೆಯ ಸಾಲಿನಲ್ಲಿ ಬಳ್ಳಿಯ ಕೆತ್ತನೆಯೊಂದನ್ನು ನೋಡುತ್ತ ನಿಂತೆ. ಕಲ್ಲು ತಣ್ಣಗಿತ್ತು. ಆ ಬಳ್ಳಿ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹುಡುಕುವಷ್ಟರಲ್ಲಿ ಲೆಕ್ಕ ತಪ್ಪಿತು. ಮೊದಲಿನಿಂದ ಎಣಿಸಿದೆ. ಬೇರೆಯೇ ಸಂಖ್ಯೆ ಬಂತು. ಅಜ್ಜನೂ ಇಲ್ಲೇ ಹೀಗೆ ಬಾಯಿ ತೆರೆದು ನಿಂತಿರಬೇಕು. ಅಲ್ಲಿ ಗಡಿಯಾರ ನೋಡುವುದು ಯಾರಿಗೂ ನೆನಪಾಗಲಿಕ್ಕಿಲ್ಲ.

ವಾಪಸು ಬಂದಾಗ ಮೂರು ಗಂಟೆ ಕಳೆದಿತ್ತು. ಅಜ್ಜಿ ಕೂತಲ್ಲೇ ಇದ್ದರು.

"ಎಷ್ಟು?"

"ನಾಳೆ ಹೇಳ್ತೇನೆ ಅಜ್ಜಿ."

ಅಜ್ಜಿ ನಗಲು ಶುರುಮಾಡಿದರು. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಮತ್ತೆ ಸಂಚಿಯಿಂದ ನೀರಿನ ಬಾಟಲಿ ತೆಗೆದು ಕೈ ಚಾಚಿದರು. "ಮಾತ್ರೆ ಕೊಡು. ಸರಿಯಾದ ಸಂಖ್ಯೆ ಗೊತ್ತಾಗದೆ ನಾನು ಮೇಲೆ ಹೋಗುವುದಿಲ್ಲ. ಅವರಿಗೆ ಆಗದ್ದು ನಮಗೆ ಆಗ್ಬೇಕು. ಬರುವ ತಿಂಗಳು ಪುನಃ ಬರುವ."

ಆ ಮೇಲೆ ಐದು ಸಲ ಹೋಗಿದ್ದೇವೆ. ಐದು ಸಲವೂ ಬೇರೆ ಬೇರೆ ಸಂಖ್ಯೆ. ಮೊನ್ನೆ ತಿಂಗಳ ಕೊನೆಗೆ ಮಾತ್ರೆ ಡಬ್ಬಿ ತೆರೆದು ನೋಡಿದೆ.

ಉಳಿದದ್ದು ಸೊನ್ನೆ.