ಮಾವನ ಕಾಮಿಕ್ಸಿನ ಕೊನೆಯ ಚೌಕ

ಬೆಂಗಳೂರಿನ ಹೂಡಿಯಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಒಂದು ಎಚ್ಚರಿಕೆ: ನಮ್ಮ ಸೋದರಮಾವ ಅಡ್ವಾನ್ಸ್ ಕೇಳುವ ಮೊದಲು ನಿಮ್ಮ ಮೂಗು ನೋಡುತ್ತಾರೆ! ಮೂಗು ಒಪ್ಪಿಗೆಯಾದರೆ ನೀವು ಅವರ ಕಾಮಿಕ್ಸಿನ ಹೀರೋ.

ಮನೆ ಖಾಲಿ ಮಾಡಿದ ಬಾಡಿಗೆಯವನೊಬ್ಬ ರೆಕಾರ್ಡ್ ಪ್ಲೇಯರನ್ನೂ ಒಂದು ಇಂಗ್ಲಿಷ್ ರಾಕ್ ರೆಕಾರ್ಡನ್ನೂ ಬಿಟ್ಟುಹೋದದ್ದೇ ಇದಕ್ಕೆಲ್ಲ ಮೂಲ. ರಾಗಿ ಹೊಲದಲ್ಲಿ ನಾಲ್ಕಂತಸ್ತು ಎಬ್ಬಿಸಿ, ಅತ್ತೆ ತೀರಿಕೊಂಡ ಮೇಲೆ ತುತ್ತತುದಿಯಲ್ಲಿ ಒಬ್ಬರೇ ಉಳಿದ ಮಾವನಿಗೆ ಅದು ಹೇಗೆ ರುಚಿಸಿತೋ, ದೇವರೇ ಬಲ್ಲ. ಇಡೀ ರೆಕಾರ್ಡಿಗೆ ಒಂದೇ ಕಥೆಯಂತೆ: ಊರವರೆಲ್ಲ ಬೇರೆ ಗ್ರಹಕ್ಕೆ ಹೊರಟುಹೋಗುತ್ತಾರೆ, ಕಾವಲುಗಾರನೊಬ್ಬ ಉಳಿಯುತ್ತಾನೆ. ಕೆಳಗಿನ ಮನೆಯ ಹುಡುಗಿ ಅರ್ಥ ಹೇಳಿದಳು. ಹರೆಯದಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಮಾವ ಆ ಕಥೆಯನ್ನೇ ಕಾಮಿಕ್ಸ್ ಮಾಡಲು ಮತ್ತೆ ಬ್ರಷ್ ಹಿಡಿದರು.

ಎದುರಿಗೆ ಆಳು ಕೂತರೆ ಮಾತ್ರ ಅವರಿಗೆ ಮುಖ ಬರೆಯಲು ಬರುತ್ತದೆ. ಕೂರುವವರು ಬಾಡಿಗೆಯವರು, ಅವರೋ ಕಂಪನಿ ಬದಲಾದೊಡನೆ ಗಂಟುಮೂಟೆ ಕಟ್ಟುವವರು. ಹೀಗಾಗಿ ಹೀರೋ ಕಾವಲುಗಾರ ಮೊದಲ ಪುಟದಲ್ಲಿ ಗಡ್ಡದ ಪಂಜಾಬಿ, ನಡುವೆ ಕನ್ನಡಕದ ಬಂಗಾಳಿ, ಆಮೇಲೆ ಬೋಳುತಲೆಯ ಮಲಯಾಳಿ!

"ಓದೋರಿಗೆ ತಲೆ ಕೆಡಲ್ವಾ ಮಾವ?"

"ಒಬ್ನೇ ಇದ್ರೆ ಮುಖ ಬದಲಾಯ್ತದೆ ಕಣೋ. ಅಂಗಂತ ಓದ್ಕೊಳ್ಳಲಿ."

ರೆಕಾರ್ಡಿನಲ್ಲಿ ಒಂದು ಕಡೆ ಮಾತೇ ಇಲ್ಲದೆ ಗಿಟಾರ್ ನುಡಿಯುತ್ತಲೇ ಇರುತ್ತದೆ. ಅಲ್ಲಿ ಕಾವಲುಗಾರ ಟೆಕ್ ಪಾರ್ಕಿನ ಕಾಂಪೌಂಡ್ ಪಕ್ಕ ಪುಟಗಟ್ಟಲೆ ಸುಮ್ಮನೆ ನಡೆಯುತ್ತಾನೆ. ಒಂದೆರಡು ಮಾತು ಸೇರಿಸಿ ಎಂದೆ. "ಯಾರ ಹತ್ರ ಆಡ್ತಾನೆ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೊನ್ನೆ ಭಾನುವಾರ ಹೋದಾಗ ಪುಸ್ತಕ ಮುಗಿದಿತ್ತು, ಕೊನೆಯ ಚೌಕವೊಂದನ್ನು ಬಿಟ್ಟು. ರೆಕಾರ್ಡು ಮುಗಿಯುವುದು ಯಾರೋ ಬಾಗಿಲು ತಟ್ಟಿದ ಸದ್ದಿನಿಂದ. ಆ ಚೌಕದಲ್ಲಿ ಕಾವಲುಗಾರ ಬಾಗಿಲು ತೆರೆದಿದ್ದ. ಆಚೆ ಬರೀ ಬಿಳಿ ಹಾಳೆ. ತಿಂಗಳುಗಳಿಂದ ಹಾಗೇ ಇದೆಯಂತೆ.

"ಬಾಡಿಗೆಯೋರಲ್ಲಿ ಯಾರ್ನಾದ್ರೂ ನಿಲ್ಸಿ ಬರ್ದ್ಬಿಡಿ."

"ಅವ್ರು ನೀರು ಬರ್ತಿಲ್ಲ ಅಂತ ತಟ್ತಾರೆ, ಇಲ್ಲಾ ಬೀಗದ ಕೈ ಕೊಡಕ್ಕೆ. ಇವ್ನು ಎಷ್ಟು ಕಾದವ್ನೆ, ಪಾಪ. ಇವ್ನನ್ನ ನೋಡ್ಕೊಂಡು ಹೋಗೋಣ ಅಂತಲೇ ಬಂದೋರು ಬೇಕು." ಪೆನ್ಸಿಲ್ ಚೂಪು ಮಾಡುತ್ತ ಕೇಳಿದರು, "ನೀನ್ಯಾಕಪ್ಪ ಬಂದೆ?"

ಗೆಳೆಯನಿಗೆ ಮನೆ ಖಾಲಿ ಇದೆಯೇ ಎಂದು ಕೇಳಲು ಬಂದಿದ್ದೆ.

"ನಿಮ್ಮನ್ನ ನೋಡಕ್ಕೆ ಮಾವ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ಬಾಗಿಲ ಹತ್ರ ನಿಂತ್ಕೋ. ಅವಸರ ಇಲ್ಲ ತಾನೆ?" ಎಂದರು.

ಗೆಳೆಯನ ಫೋನ್ ಬಂತು, ಎತ್ತಲಿಲ್ಲ. ಮಾವ ಬರೆದರು, ಸರಿಬರಲಿಲ್ಲ ಎಂದು ಅಳಿಸಿದರು, ಮತ್ತೆ ಬರೆದರು, ಮತ್ತೆ ಅಳಿಸಿದರು. ನಿಂತಲ್ಲಿಗೇ ಹಾಳೆ ಕಾಣುತ್ತಿತ್ತು. ಮುಖ ಮೊದಲ ಸಲವೇ ಸರಿಯಾಗಿ ಬಂದಿತ್ತು. ನಾನು ಹೇಳಲಿಲ್ಲ, ಸಂಜೆಯವರೆಗೂ ನಿಂತೇ ಇದ್ದೆ.