ವೆನಿಸ್‌ನಲ್ಲಿ ನೊರ್ಬರ್ಟರ ಭಾನುವಾರ

"ಇಪ್ಪತ್ತೊಂದು ದಿನದಲ್ಲಿ ರಿಫೈನರಿಯ ಒಂದು ಯೂನಿಟ್ ಪೂರಾ ಬಿಚ್ಚಿ, ತೊಳೆದು, ಜೋಡಿಸಿ ಕೊಟ್ಟವನು ನಾನು. ಮೂರು ದಿನದಲ್ಲಿ ಒಂದು ವೆನಿಸ್ ಮುಗಿಸ್ಲಿಕ್ಕೆ ಆಗುದಿಲ್ವಾ!"

ಕುವೈತಿನ ಅಹ್ಮದಿಯ ಕಂಪನಿ ಕ್ವಾರ್ಟರ್ಸಿನಲ್ಲಿ ನೊರ್ಬರ್ಟ್ ಪಿಂಟೊ ಹೀಗೆಂದು ಊಟದ ಮೇಜು ಗುದ್ದಿದಾಗ ಸಾರಿನ ಪಾತ್ರೆ ಹಾರಿ ಕೂತಿತು. ಹೆಂಡತಿ ಫೆಲ್ಸಿ ಅದನ್ನು ಹಿಡಿದುಕೊಂಡು, "ಮುಗಿಸ್ಲಿಕ್ಕೆ ಅಲ್ಲ ಮಾರಾಯ್ರೆ, ನೋಡ್ಲಿಕ್ಕೆ ಹೋಗುದು" ಎಂದಳು. ಅದು ೨೦೧೧, ಅವರ ಮದುವೆಯ ಇಪ್ಪತ್ತೈದನೇ ವರ್ಷ.

ನೊರ್ಬರ್ಟರಿಗೆ ವೆನಿಸ್‌ನ ಹುಚ್ಚು ಹಿಡಿಸಿದ್ದು ಒಂದು ಹಳೆಯ ಕ್ಯಾಲೆಂಡರು. ಯಾವುದೋ ಪಂಪಿನ ಕಂಪನಿ ಕೊಟ್ಟಿದ್ದ ಅದರ ಜುಲೈ ತಿಂಗಳ ಪುಟದಲ್ಲಿ ಸಂತ ಮಾರ್ಕರ ಮಹಾ ಇಗರ್ಜಿಯ ಒಳಗಿನ ಚಿತ್ರವಿತ್ತು. ಚಾವಣಿಯೆಲ್ಲ ಚಿನ್ನ! ಅದನ್ನು ಕತ್ತರಿಸಿ ಆಫೀಸಿನ ಮೇಜಿನ ಗಾಜಿನಡಿ ಇಟ್ಟು ಹದಿನೆಂಟು ವರ್ಷವಾಗಿತ್ತು. ಅದರ ಮೇಲೆಯೇ ಚಾ ಕುಡಿಯುತ್ತ, "ಸಾಯುವ ಮೊದಲು ಒಮ್ಮೆ ಇದರ ಕೆಳಗೆ ನಿಂತು ಕತ್ತೆತ್ತಿ ನೋಡ್ಬೇಕು" ಎಂದು ಅವರು ಹೇಳದ ಮನುಷ್ಯನೇ ಆ ಆಫೀಸಿನಲ್ಲಿ ಉಳಿದಿರಲಿಲ್ಲ.

ಪ್ಲಾನಿಂಗ್ ಇಂಜಿನಿಯರ್ ಪ್ರವಾಸಕ್ಕೆ ಸುಮ್ಮನೆ ಹೊರಡುತ್ತಾನೆಯೇ? ಮೇಜಿನಗಲದ ಹಾಳೆಯಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಸಿದ್ಧವಾಯಿತು. ರಿಯಾಲ್ಟೊ ಸೇತುವೆ, ಹನ್ನೆರಡು ನಿಮಿಷ. ದೋಣಿ ಸವಾರಿ, ಮೂವತ್ತು ನಿಮಿಷ. ಶುಕ್ರವಾರದ ಚೌಕದಲ್ಲಿ ಹಸಿರು ಬಣ್ಣ: 'ಪೂಜೆ'. ಭಾನುವಾರದ ಚೌಕದಲ್ಲಿ ಕೆಂಪು ಬಣ್ಣ: 'ಸಂತ ಮಾರ್ಕ್, ಬೆಳಿಗ್ಗೆ ಹತ್ತು. ಕೆಲಸದ ದಿನ, ರಶ್ ಇಲ್ಲ.'

ಕುವೈತಿನಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ಭಾನುವಾರದ ಪೂಜೆಯನ್ನೂ ಅಲ್ಲಿಯ ಕ್ರೈಸ್ತರು ಶುಕ್ರವಾರವೇ ಮುಗಿಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ನೊರ್ಬರ್ಟರು ಶುಕ್ರವಾರ ಸೂಟು ಹಾಕಿ ಇಗರ್ಜಿಗೆ, ಭಾನುವಾರ ಬೂಟು ಹಾಕಿ ಪ್ಲಾಂಟಿಗೆ ಹೋದವರು. ಲೋಕವೆಲ್ಲ ಹಾಗೆಯೇ ನಡೆಯುತ್ತದೆಂದು ಅವರಿಗೆ ರಕ್ತದಲ್ಲೇ ಸೇರಿಹೋಗಿತ್ತು.

ಸ್ಟೋರ್ ವಿಭಾಗದ ಝಾಕಿರ್ ಅವರ ಊರಿನವನೇ, ಊರ ರೂಢಿಯಂತೆ ಕ್ರೈಸ್ತ ಯಜಮಾನರನ್ನು 'ಪೊರ್ಬು' ಎಂದೇ ಕರೆಯುವವನು. ಹಾಳೆಯ ಮೇಲೆ ಬಗ್ಗಿ ನೋಡಿದ ಅವನು ತಲೆ ಕೆರೆದುಕೊಂಡ.

"ಪೊರ್ಬುಗಳೇ, ಈ ಭಾನುವಾರ ಇಗರ್ಜಿಯಲ್ಲಿ..."

"ಝಾಕಿರ್, ನೀನು ಬೋಲ್ಟು ನೋಡಿಕೋ. ಪ್ಲಾನಿಂಗ್ ನನಗೆ ಬಿಡು. ಖಲಾಸ್!"

ಶುಕ್ರವಾರ ಬೆಳಿಗ್ಗೆ ವೆನಿಸ್‌ನಲ್ಲಿ ನೊರ್ಬರ್ಟರು ಸೂಟು ಧರಿಸಿ, ಹೋಟೆಲಿನ ಪಕ್ಕದ ಸಣ್ಣ ಇಗರ್ಜಿಗೆ ಅರ್ಧ ಗಂಟೆ ಮೊದಲೇ ಹೋಗಿ ಮುಂದಿನ ಬೆಂಚು ಹಿಡಿದರು. ಹಿಡಿಯುವ ಅಗತ್ಯವೇ ಇರಲಿಲ್ಲ. ಬಂದವರು ಮೂವರು ಮುದುಕಿಯರು. ಹಾಡಿಲ್ಲ, ಪ್ರಸಂಗವಿಲ್ಲ, ಇಪ್ಪತ್ತೈದೇ ನಿಮಿಷದಲ್ಲಿ ಪಾದ್ರಿ ದೀಪ ಆರಿಸಿ ಹೊರಟೇಬಿಟ್ಟರು!

"ನಮ್ಮಲ್ಲಿ ಅಂಗಳದಲ್ಲೂ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ! ಇಲ್ಲಿ ಮೂರು ಜನ! ಪೋಪರ ಪಕ್ಕದಲ್ಲಿದ್ದುಕೊಂಡು ಇವರಿಗೆ ನಾಚಿಕೆ ಇಲ್ವಾ?"

"ಇವತ್ತು ಶುಕ್ರವಾರ ಅಲ್ವಾ?" ಎಂದಳು ಫೆಲ್ಸಿ.

"ಅದನ್ನೇ ನಾನು ಹೇಳುದು! ಶುಕ್ರವಾರ! ಶುಕ್ರವಾರವೇ ಹೀಗಾದ್ರೆ ಉಳಿದ ದಿನ ಹೇಗೆ!"

ಫೆಲ್ಸಿ ಏನೋ ಹೇಳಹೋಗಿ, ಗಂಡನ ಕೆಂಪಾದ ಮುಖ ನೋಡಿ ಜಪಸರ ಎಣಿಸತೊಡಗಿದಳು. ಶನಿವಾರ ಅವಳಿಗೆ ಮಾತಾಡಲು ಉಸಿರೇ ಇರಲಿಲ್ಲ. ನೊರ್ಬರ್ಟರು ಗಡಿಯಾರ ನೋಡಿಕೊಂಡೇ ಹಳೆಯ ದೊರೆಗಳ ಡೋಜ್ ಅರಮನೆ ಸುತ್ತಿಸಿದರು. ನಿಟ್ಟುಸಿರಿನ ಸೇತುವೆಯಲ್ಲಿ ನಿಟ್ಟುಸಿರು ಬಿಡಲೂ ಪುರುಸೊತ್ತು ಕೊಡಲಿಲ್ಲ. ಹಾಡುತ್ತ ಹುಟ್ಟು ಹಾಕುತ್ತಿದ್ದ ದೋಣಿಯವನಿಗೂ "ಯಲ್ಲಾ, ಯಲ್ಲಾ!" ಎಂದು ಅವಸರ ಹಚ್ಚಿದರು.

ಕೊನೆಗೂ ಭಾನುವಾರ ಬಂತು. ಮಧ್ಯಾಹ್ನ ಒಂದಕ್ಕೆ ವಿಮಾನ ನಿಲ್ದಾಣದ ದೋಣಿ. ಹತ್ತು ಗಂಟೆಗೆ ಸರಿಯಾಗಿ ನೊರ್ಬರ್ಟರು ಚಡ್ಡಿ, ಟೋಪಿ, ಕ್ಯಾಮರಾ ಸಮೇತ ಸಂತ ಮಾರ್ಕರ ಬಾಗಿಲಲ್ಲಿ ಹಾಜರು! ಫೆಲ್ಸಿ ಮಾತ್ರ ಸೀರೆಯುಟ್ಟು ಜಪಸರ ಹಿಡಿದಿದ್ದಳು. ಗಂಟೆಗಳು ಬಾರಿಸುತ್ತಿದ್ದವು. ಪೂಜೆಗೋ ಎಂಬಂತೆ ಕಾವಲುಗಾರ ಕೇಳಿದ, "ಮಾಸ್?"

ಇಟಲಿಯವನಿಗೆ ಅರ್ಥವಾಗಲೆಂದು ನೊರ್ಬರ್ಟರು ತಮ್ಮ ಇಂಗ್ಲಿಷನ್ನು ಮುರಿದು ಮುರಿದು ಕೊಟ್ಟರು. "ನೋ ಮಾಸ್! ಮಾಸ್ ಫ್ರೈಡೇ ಫಿನಿಶ್! ಖಲಾಸ್! ನೌ ಓನ್ಲಿ ಲುಕಿಂಗ್!"

ಅವನು ಫಲಕ ತೋರಿಸಿದ. ಭಾನುವಾರ ಬೆಳಿಗ್ಗೆ ಪೂಜೆಗೆ ಬಂದವರಿಗೆ ಮಾತ್ರ ಪ್ರವೇಶ, ನೋಡಲು ಬಂದವರಿಗೆ ಎರಡು ಗಂಟೆಯ ಮೇಲೆ.

"ಎರಡು ಗಂಟೆಗೆ ನಾನು ಏರ್‌ಪೋರ್ಟಿನಲ್ಲಿರ್ತೇನೆ ಮಾರಾಯ!" ಎಂದು ಅಚ್ಚ ಕನ್ನಡದಲ್ಲೇ ಗುಡುಗಿದರು ನೊರ್ಬರ್ಟರು. ಕಾವಲುಗಾರ ಫೆಲ್ಸಿಯ ಕಡೆ ತಿರುಗಿದ. "ಮಾಸ್?"

"ಯೆಸ್," ಎಂದಳು ಫೆಲ್ಸಿ. ಬಾಗಿಲು ತೆರೆಯಿತು. ಅವಳು ಒಳಗೆ ಹೋದಳು.

"ಮಾಸ್! ಮೀ ಆಲ್ಸೊ ಮಾಸ್!" ನೊರ್ಬರ್ಟರು ನುಗ್ಗಿದರು. ಕಾವಲುಗಾರ ಕೈ ಅಡ್ಡ ಹಿಡಿದ. ಅವರ ಬೋಳು ಮೊಣಕಾಲುಗಳನ್ನು ಒಂದೊಂದಾಗಿ ನೋಡಿ, ಆಗದೆಂದು ತಲೆಯಾಡಿಸಿದ. ಸೂಟು ಶುಕ್ರವಾರವೇ ಪೆಟ್ಟಿಗೆ ಸೇರಿತ್ತು. ಹದಿನೆಂಟು ವರ್ಷದ ಆಸೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅಳು ಬರುವಷ್ಟು ಸಿಟ್ಟಿನಲ್ಲಿ ಅವರು ಚೌಕದ ಮೆಟ್ಟಿಲ ಮೇಲೆ ಕುಸಿದು ಕೂತರು. ಅಷ್ಟರಲ್ಲಿ ಇನ್ನೊಬ್ಬ ಕಾವಲುಗಾರ ಬಂದು ಪೀಪಿ ಊದಿದ. ಅಲ್ಲಿ ಕೂರುವಂತೆಯೂ ಇಲ್ಲವಂತೆ!

ಒಂದು ತಾಸು ಕಳೆದ ಮೇಲೆ ಫೆಲ್ಸಿ ಹೊರಬಂದಳು. ನೊರ್ಬರ್ಟರು ಓಡಿದರು. "ಹೇಗುಂಟು ಚಿನ್ನ? ಚಾವಣಿ ಹೇಗುಂಟು, ಹೇಳು!"

"ಚಾವಣಿಯಾ? ನಾನು ಹೋದದ್ದು ಪೂಜೆಗೆ ಮಾರಾಯ್ರೆ. ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ. ನಿಮ್ಮ ಸಿಟ್ಟು ಇಳೀಲಿಕ್ಕೆ ಪ್ರಾರ್ಥನೆ ಮಾಡ್ತಿದ್ದೆ."

ಪ್ರಾರ್ಥನೆ ಫಲಿಸಲಿಲ್ಲ. ಮಂಗಳವಾರ ಅಹ್ಮದಿಯ ಆಫೀಸಿನಲ್ಲಿ ನೊರ್ಬರ್ಟರು ಝಾಕಿರನೆದುರು ಅರ್ಧ ಗಂಟೆ ಬೆಂಕಿ ಉಗುಳಿದರು. "ಕೆಲಸದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಷ್ಟು ದೊಡ್ಡ ಪೂಜೆ ಇಟ್ಟುಕೊಳ್ತಾರಾ ಯಾರಾದ್ರೂ?"

ಝಾಕಿರ್ ಮೆಲ್ಲಗೆ ಹೇಳಿದ. "ಪೊರ್ಬುಗಳೇ, ನಾನು ಅವತ್ತು ಹೇಳ್ಲಿಕ್ಕೆ ಬಂದದ್ದು ಅದನ್ನೇ. ಗಲ್ಫಿಗೆ ಬರುವ ಮೊದಲು ನಾನು ಊರಲ್ಲಿ ಮೀನು ಮಾರ್ತಿದ್ದೆ ಅಲ್ವಾ? ಭಾನುವಾರ ನಿಮ್ಮ ಮನೆಗೆ ಬಂದ್ರೆ ಬೀಗ. ಎಲ್ಲರೂ ಪೂಜೆಗೆ. ನಿಮ್ಮ ಅಮ್ಮ, ಆ ಬಾಯಮ್ಮ, ಬರುವವರೆಗೆ ಬುಟ್ಟಿ ಇಟ್ಟುಕೊಂಡು ನಿಮ್ಮ ಮೆಟ್ಟಿಲಲ್ಲಿ ಕೂತಿರ್ತಿದ್ದೆ."

ನೊರ್ಬರ್ಟರಿಗೆ ನೆನಪಾಯಿತು. ಆ ಅಮ್ಮನ ಹಿಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದವನು ತಾನೇ!  ಆದರೂ ಸೋಲಲು ಮನಸ್ಸಿಲ್ಲದೆ ಗೊಣಗಿದರು. "ಅದೆಲ್ಲ ಇರಲಿ. ಆ ಕಾವಲಿನವನು ಕೂತವನನ್ನು ಮೆಟ್ಟಿಲಿಂದ ಎಬ್ಬಿಸ್ಬಾರ್ದಿತ್ತು."

"ಅದು ಹೌದು. ಬಾಯಮ್ಮ ನನ್ನನ್ನು ಒಂದು ದಿನವೂ ಎಬ್ಬಿಸ್ಲಿಲ್ಲ. ಪೂಜೆಯಿಂದ ಬಂದವರು ಮೊದಲು ನನಗೆ ಚಾ ಕೊಡ್ತಿದ್ರು." ಝಾಕಿರ್ ಎದ್ದು ನಿಂತ. "ನೀವು ಕೂತಲ್ಲೇ ಕೂತಿರಿ ಪೊರ್ಬುಗಳೇ. ಚಾ ನಾನು ತರ್ತೇನೆ."